ಹಾಡು ಯಾರದು, ಹಾರ ಯಾರಿಗೆ?

ಪ್ರಶಸ್ತಿ ಬಂದ ಕೃತಿಯನ್ನು ಮುಟ್ಟಬಾರದು ಎಂಬ ಹೊಸ ಮಡಿಯೊಂದು ನಮ್ಮ ಕಾಲೇಜುಗಳಲ್ಲಿ ಬೆಳೆದಿದೆ. 'ಇದಕ್ಕೆ ಟೋನಿ ಬಂದಿದೆ' ಅಂತ ಇಂಗ್ಲಿಷ್ ಮೇಷ್ಟ್ರು ಅಂದರೆ ಮುಗೀತು. ಮಂಗಳಾರತಿ ತಗೊಂಡವರ ಹಾಗೆ ಕಣ್ಣಿಗೊತ್ತಿಕೊಂಡು ಸುಮ್ಮನೆ ಕೂರಬೇಕು. ಆದರೆ ಹಾಸ್ಟೆಲಿನ ಕೋಣೆಗಳಲ್ಲಿ, ಅಂಗೈಯಗಲದ ಮೊಬೈಲಿನಲ್ಲಿ, ಅಮೆರಿಕದ ಸಂಗೀತ ನಾಟಕಗಳನ್ನು ನೋಡುವ ನಮ್ಮ ಹುಡುಗ ಹುಡುಗಿಯರು ಸುಮ್ಮನೆ ಕೂತಿಲ್ಲ. ಇವುಗಳಲ್ಲಿ ಯಾವುದು ತನ್ನ ತೂಕಕ್ಕಿಂತ ಹೆಚ್ಚಿನ ಬೆಲೆಗೆ ಮಾರಾಟವಾಗಿದೆ ಎಂದು ಜಗಳ ಹೂಡಿದ್ದಾರೆ. ಜಗಳ ಒಳ್ಳೆಯದು. ನಾವೂ ಅದರಲ್ಲಿ ಕೂತು ನಮ್ಮ ಮಾತು ಹೇಳುತ್ತೇವೆ.

ನ್ಯೂಯಾರ್ಕಿನ ನಾಟಕ ಕಟ್ಟಿಕೊಂಡು ನಮಗೇನಾಗಬೇಕು ಎಂದು ಕೇಳುವ ಗೆಳೆಯರಿದ್ದಾರೆ. ಆಗಬೇಕಾದ್ದು ಇದೆ. 1946ರಲ್ಲಿ ಅಂಬೇಡ್ಕರ್ ಅವರು ಅಮೆರಿಕದ ಕರಿಯರ ನಾಯಕ ಡುಬಾಯ್ಸ್ ಅವರಿಗೆ ಕಾಗದ ಬರೆದರು. 1972ರಲ್ಲಿ ಮುಂಬಯಿಯ ನಮ್ಮ ಅಣ್ಣಂದಿರು ಕರಿಯರ ಪ್ಯಾಂಥರ್ ಪಕ್ಷದ ಹೆಸರನ್ನೇ ತಮ್ಮ ಸಂಘಟನೆಗೆ ಇಟ್ಟುಕೊಂಡರು. ಆ ನೆಂಟಸ್ತಿಕೆ ಇರುವ ತನಕ, ಅವರ ಬದುಕು ಹಾಡಾಗಿ ಮಾರಾಟವಾದಾಗ ಲೆಕ್ಕ ಕೇಳುವ ಹಕ್ಕು ನಮಗೂ ಇದೆ. ಇನ್ನು ಹಾಡಿರುವ ನಾಟಕ ನಮಗೇನೂ ಪರದೇಶಿಯಲ್ಲ. ಮೂಡಲಪಾಯ, ಸಣ್ಣಾಟ, ದೊಡ್ಡಾಟ, ಕಂಪನಿ ನಾಟಕ ಯಾವುದೇ ಇರಲಿ, ಹಾಡಿಲ್ಲದ ಆಟವನ್ನು ನಮ್ಮ ಊರುಗಳು ಆಟ ಅಂತಲೇ ಒಪ್ಪಿದ್ದಿಲ್ಲ. ಹಾಡಿನ ಬಗ್ಗೆ ಮಾತಾಡಲು ನಾವು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.

ಮೊದಲು ಪ್ರಶಸ್ತಿ ಎಂದರೇನು ನೋಡೋಣ. ಟೋನಿ ಶುರುವಾದದ್ದು 1947ರಲ್ಲಿ. ಅತ್ಯುತ್ತಮ ಸಂಗೀತ ನಾಟಕಕ್ಕೆ ಅಂತ ಬೇರೆ ಬಹುಮಾನ ಬಂದದ್ದು 1949ರಲ್ಲಿ. ಇದು ಲೋಕದ ಎಲ್ಲ ನಾಟಕಗಳನ್ನು ನೋಡಿ ಕೊಡುವ ಪ್ರಶಸ್ತಿ ಅಲ್ಲ. ಅಮೆರಿಕದ ಎಲ್ಲ ನಾಟಕಗಳನ್ನು ನೋಡಿ ಕೊಡುವುದೂ ಅಲ್ಲ. ನ್ಯೂಯಾರ್ಕಿನ ಮ್ಯಾನ್‌ಹಟನ್ ಭಾಗದಲ್ಲಿ, 500 ಆಸನಕ್ಕೆ ಕಡಿಮೆಯಿಲ್ಲದ, ಬ್ರಾಡ್‌ವೇ ಎಂದು ಕರೆಸಿಕೊಳ್ಳುವ 41 ರಂಗಮಂದಿರಗಳಿವೆ. ಅಲ್ಲಿ ಆಡಿದ ನಾಟಕಕ್ಕೆ ಮಾತ್ರ ಟೋನಿ. ಆ 41ರಲ್ಲಿ ಬಹುಪಾಲು ಮೂರೇ ಕಂಪನಿಗಳ ಕೈಯಲ್ಲಿವೆ. ಮತ ಹಾಕುವವರು ಎಂಟುನೂರು ಚಿಲ್ಲರೆ ಮಂದಿ. ಅವರಲ್ಲಿ ನಟರು, ನಿರ್ದೇಶಕರು, ಬರಹಗಾರರು ಇದ್ದಾರೆ. ನಾಟಕಕ್ಕೆ ದುಡ್ಡು ಹಾಕುವವರೂ, ಗೆದ್ದ ನಾಟಕವನ್ನು ಊರೂರಿಗೆ ತರಿಸಿ ಟಿಕೆಟ್ ಮಾರುವವರೂ ಇದ್ದಾರೆ. ಸಂತೆಯಲ್ಲಿ ದನದ ಹಲ್ಲು ನೋಡಿ ಬೆಲೆ ಕಟ್ಟುವವನೇ ದಲ್ಲಾಳಿಯೂ ಆಗಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಅಪ್ಪಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಂತ ಗೆದ್ದವೆಲ್ಲ ಕೆಟ್ಟವು ಎಂಬುದು ನಮ್ಮ ವಾದ ಅಲ್ಲ. ನಾವು ಕೇಳುವುದು ಇಷ್ಟೆ: ಕೆಳಗಿನವನ ಬದುಕನ್ನು ರಂಗಕ್ಕೆ ತಂದು ಹಾರ ಹಾಕಿಸಿಕೊಂಡ ನಾಟಕದಲ್ಲಿ, ಕೆಳಗಿನವನಿಗೆ ಸಿಕ್ಕಿದ್ದೇನು? ಹಾಡಷ್ಟೇ ಸಿಕ್ಕಿತೋ, ಕತೆಯನ್ನು ತಿರುಗಿಸುವ ಬಲವೂ ಸಿಕ್ಕಿತೋ? ಈ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಮೂರು ನಾಟಕ ನೋಡೋಣ.

ಮೊದಲನೆಯದು 'ಮೈ ಫೇರ್ ಲೇಡಿ'. 1956ರ ಮಾರ್ಚಿನಲ್ಲಿ ಬ್ರಾಡ್‌ವೇಗೆ ಬಂತು, 2,717 ಪ್ರದರ್ಶನ ಕಂಡಿತು, 1957ರಲ್ಲಿ ಆರು ಟೋನಿ ಗೆದ್ದಿತು. ಬರ್ನಾರ್ಡ್ ಷಾನ 'ಪಿಗ್ಮೇಲಿಯನ್' ನಾಟಕವೇ ಇದರ ಬೇರು. ಕತೆ ನಮ್ಮ ಇಂಗ್ಲಿಷ್ ಮೇಷ್ಟ್ರುಗಳಿಗೆ ಬಾಯಿಪಾಠ. ಲಂಡನ್ನಿನ ಬೀದಿಯಲ್ಲಿ ಹೂ ಮಾರುವ ಹುಡುಗಿ ಎಲಿಜಾ. ಅವಳ ಉಚ್ಚಾರ ಒರಟು. ಹಿಗಿನ್ಸ್ ಎಂಬ ಧ್ವನಿಶಾಸ್ತ್ರದ ಪಂಡಿತ, ಇವಳ ಮಾತು ತಿದ್ದಿ ಆರು ತಿಂಗಳಲ್ಲಿ ದೊರೆಸಾನಿ ಮಾಡ್ತೀನಿ ಅಂತ ಪಂಥ ಕಟ್ಟುತ್ತಾನೆ, ಗೆಲ್ಲುತ್ತಾನೆ.

ಎಲಿಜಾಳ 'ತಪ್ಪು' ಯಾವುದು ಗೊತ್ತೆ ಗೆಳೆಯರೇ? ಅವಳು ಪದದ ಮೊದಲಿನ ಹಕಾರ ನುಂಗುತ್ತಾಳೆ. ನಮ್ಮ ಹಟ್ಟಿಯದೇ ತಪ್ಪು! ಹಾಸನ ನಮಗೆ ಆಸನ, ಹಾಲು ಆಲು, ಹೂವು ಊವು. ಮೊದಲ ವರ್ಷದ ತರಗತಿಯಲ್ಲಿ ಎದ್ದು ನಿಂತು ಓದುವಾಗ ನಮ್ಮಲ್ಲಿ ಎಷ್ಟು ಜನ ಈ ಒಂದು ಅಕ್ಷರಕ್ಕೆ ನಗೆಪಾಟಲಾಗಿಲ್ಲ? ಎಷ್ಟು ಜನ ಆಮೇಲೆ ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಿಲ್ಲ? ಆದರೆ ಭಾಷೆಯ ಚರಿತ್ರೆ ನೋಡಿ. ಪಂಪನ ಕಾಲಕ್ಕೆ ಅದು 'ಪೂ'. ನಡುಗನ್ನಡಕ್ಕೆ ಬಂದಾಗ 'ಹೂ'. ನಮ್ಮ ಹಟ್ಟಿಗೆ ಬಂದಾಗ 'ಊ'. ಪಕಾರ ಹೋಗಿ ಹಕಾರ ಆದರೆ ಅದು ವ್ಯಾಕರಣ, ಎಂ.ಎ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ. ಅದೇ ಹಕಾರ ಬಿದ್ದುಹೋದರೆ ಮಾತ್ರ ಅನಾಗರಿಕತೆ! ಪಂಡಿತರ ನಾಲಿಗೆಯಲ್ಲಿ ಆದದ್ದು ಬೆಳವಣಿಗೆ, ಕೂಲಿಯವರ ನಾಲಿಗೆಯಲ್ಲಿ ಆದದ್ದು ಕೊಳೆ.

ಷಾಗೆ ಇದು ಗೊತ್ತಿತ್ತು. ಉಚ್ಚಾರದ ಮೇಲೆ ನಿಂತಿರುವ ವರ್ಗಭೇದದ ಪೊಳ್ಳನ್ನು ಬಯಲು ಮಾಡಲೆಂದೇ ಆತ ನಾಟಕ ಬರೆದ. ಅವನ ಎಲಿಜಾ ಮೇಷ್ಟ್ರ ಮನೆ ಬಿಟ್ಟು ಹೊರಡುತ್ತಾಳೆ. ಮುಂದೆ ಅವಳು ಬೇರೊಬ್ಬನನ್ನು ಮದುವೆಯಾಗಿ ಹೂವಿನ ಅಂಗಡಿ ಇಟ್ಟಳು ಅಂತ 1916ರಲ್ಲಿ ಹಿನ್ನುಡಿಯನ್ನೇ ಬರೆದ, ಅವಳನ್ನು ಹಿಗಿನ್ಸನಿಗೆ ಕಟ್ಟಬೇಡ್ರಪ್ಪ ಎಂದು. ತನ್ನ ಜೀವಮಾನದಲ್ಲಿ ಈ ನಾಟಕವನ್ನು ಹಾಡಿನ ನಾಟಕ ಮಾಡಲು ಯಾರಿಗೂ ಬಿಡಲಿಲ್ಲ. 1950ರಲ್ಲಿ ಸತ್ತ. ಆರು ವರ್ಷಕ್ಕೆ ಹಾಡಿನ ನಾಟಕ ಬಂತು. ಅದರ ಕೊನೆಯಲ್ಲಿ ಎಲಿಜಾ ವಾಪಸು ಬರುತ್ತಾಳೆ. ಮೇಷ್ಟ್ರು ಕುರ್ಚಿಯಲ್ಲಿ ಒರಗಿ 'ನನ್ನ ಚಪ್ಪಲಿ ಎಲ್ಲಿ' ಅಂತ ಕೇಳುತ್ತಾನೆ. ತೆರೆ ಬೀಳುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ. ಆರು ಟೋನಿ ಬರುತ್ತವೆ. ಆ ಆರರಲ್ಲಿ ಅತ್ಯುತ್ತಮ ನಟ ಎಂಬ ಬಹುಮಾನ ಮೇಷ್ಟ್ರ ಪಾತ್ರದ ರೆಕ್ಸ್ ಹ್ಯಾರಿಸನ್‌ಗೆ. ಇಡೀ ನಾಟಕವನ್ನು ಕೊರಳ ಮೇಲೆ ಹೊತ್ತ ಎಲಿಜಾ, ಅಂದರೆ ಜೂಲಿ ಆಂಡ್ರೂಸ್, ಪಟ್ಟಿಯಲ್ಲಿದ್ದೂ ಬರಿಗೈ. ಪಾತ್ರಕ್ಕೆ ಆದದ್ದೇ ಪಾತ್ರಧಾರಿಗೂ ಆಯಿತು.

ಸಂಗೀತ ಚೆನ್ನಾಗಿದೆ, ಒಪ್ಪುತ್ತೇವೆ. ಆದರೆ ಚೆನ್ನಾದ ಸಂಗೀತವೇ ಇಲ್ಲಿ ಮೋಸದ ಕೆಲಸ ಮಾಡುತ್ತದೆ. ಷಾನ ಸಿಟ್ಟನ್ನು ಅದು ಸಕ್ಕರೆ ಪಾಕದಲ್ಲಿ ಅದ್ದಿ ಕೊಡುತ್ತದೆ. 2018ರಲ್ಲಿ ನ್ಯೂಯಾರ್ಕಿನಲ್ಲೇ ಮತ್ತೆ ಆಡಿದಾಗ ನಿರ್ದೇಶಕ ಬಾರ್ಟ್ಲೆಟ್ ಶೇರ್ ಒಂದು ಕೆಲಸ ಮಾಡಿದ: ಮಾತು ಹಾಗೇ ಇಟ್ಟು, ಎಲಿಜಾ ಚಪ್ಪಲಿ ಎತ್ತಿಕೊಡದೆ ಪ್ರೇಕ್ಷಕರ ನಡುವೆ ಇಳಿದು ಹೊರಟುಹೋಗುವ ಹಾಗೆ ಮಾಡಿದ. ಅರವತ್ತೆರಡು ವರ್ಷ ಬೇಕಾಯಿತು ಅವಳು ಆ ಮನೆ ಬಿಡಲಿಕ್ಕೆ! ಆ ಸಲ ಹತ್ತು ವಿಭಾಗದಲ್ಲಿ ಹೆಸರು ಬಂದು ಸಿಕ್ಕಿದ್ದು ಒಂದು ಟೋನಿ, ಬಟ್ಟೆಬರೆಯ ವಿನ್ಯಾಸಕ್ಕೆ.

ಎರಡನೆಯದು 'ಲಯನ್ ಕಿಂಗ್'. ಡಿಸ್ನಿ ಕಂಪನಿಯ ಈ ನಾಟಕ 1997ರಲ್ಲಿ ಬ್ರಾಡ್‌ವೇಗೆ ಬಂದು 1998ರಲ್ಲಿ ಅತ್ಯುತ್ತಮ ಸಂಗೀತ ನಾಟಕವಾಯಿತು. ಮುಖವಾಡ, ಗೊಂಬೆ, ಬಣ್ಣ ಎಲ್ಲ ಕಣ್ಣು ಕುಕ್ಕುತ್ತವೆ. ನಿರ್ದೇಶಕಿ ಜೂಲಿ ಟೇಮರ್, ಸಂಗೀತ ನಾಟಕದ ನಿರ್ದೇಶನಕ್ಕೆ ಟೋನಿ ಪಡೆದ ಮೊದಲ ಹೆಂಗಸು. ದಕ್ಷಿಣ ಆಫ್ರಿಕಾದ ಲೆಬೊ ಎಂ. ಕಟ್ಟಿದ ಮೇಳದ ಹಾಡುಗಳಲ್ಲಿ ನಿಜವಾದ ಕೊರಳಿದೆ. ಇಷ್ಟನ್ನೂ ಕೊಟ್ಟುಬಿಡೋಣ.

ಕತೆ ಏನು? ಸಿಂಹಕ್ಕೆ ಮರಿ ಹುಟ್ಟಿದೆ ಅಂತ ಕಾಡಿನ ಜಿಂಕೆ, ಜೀಬ್ರಾ ಎಲ್ಲ ಬಂದು ಮಂಡಿಯೂರುತ್ತವೆ. ನಾಳೆ ತನ್ನನ್ನು ತಿನ್ನುವವನ ನಾಮಕರಣಕ್ಕೆ ಜಿಂಕೆ ಇವತ್ತು ಹಾಡಿ ಕುಣಿಯಬೇಕು! ಬಂಜರಿನಲ್ಲಿ ಹಸಿದುಕೊಂಡಿರುವ ಕತ್ತೆಕಿರುಬಗಳು ಒಳಗೆ ಬಂದರೆ ನಾಡು ಹಾಳು. ದೊರೆಮಗ ವಾಪಸು ಬಂದರೆ ಮಳೆ. ಹುಟ್ಟಿನಿಂದ ಬಂದ ಜಾಗದಲ್ಲಿ ಎಲ್ಲರೂ ಇದ್ದರೆ ಲೋಕ ಸುಸೂತ್ರ ಅಂತ ನಮಗೆ ಇದನ್ನು ಯಾರು ಯಾರು ಎಷ್ಟು ಕಾಲದಿಂದ ಹೇಳುತ್ತಾ ಬಂದಿದ್ದಾರೆ ಅಂತ ಬಿಡಿಸಿ ಹೇಳಬೇಕೆ? ಮಕ್ಕಳ ನಾಟಕ, ಇಷ್ಟು ಕೆದಕಬೇಡಿ ಅಂತಾರೆ. ಮಕ್ಕಳ ನಾಟಕ ಅಂತಲೇ ಕೆದಕಬೇಕು.

ಹಾಡಿನ ಲೆಕ್ಕವನ್ನೂ ನೋಡಿ. ಆ ನಾಟಕದಲ್ಲಿ ಸಿಂಹ ನಿದ್ದೆ ಮಾಡುತ್ತಿದೆ ಎಂಬ ಒಂದು ಪುಟ್ಟ ಹಾಡಿನ ತುಣುಕು ಬರುತ್ತದೆ. ಅದರ ಮೂಲ 'ಎಂಬೂಬೆ'. ಜುಲು ಜನಾಂಗದ ಸಾಲಮನ್ ಲಿಂಡಾ 1939ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ತನ್ನ ಮೇಳದ ಜೊತೆ ಹಾಡಿ ಮುದ್ರಿಸಿದ್ದು. ಹಕ್ಕು ಕೊಟ್ಟದ್ದಕ್ಕೆ ಅವನ ಕೈಗೆ ಬಂದದ್ದು ಹತ್ತು ಶಿಲಿಂಗ್. ಹಾಡು ಅಮೆರಿಕಕ್ಕೆ ಹೋಗಿ ಬೇರೆ ಬೇರೆ ಹೆಸರಲ್ಲಿ ಲಕ್ಷಾಂತರ ಪ್ರತಿ ಮಾರಾಟವಾಯಿತು. ಲಿಂಡಾ 1962ರಲ್ಲಿ ಬಡವನಾಗಿ ಸತ್ತ. ಎಷ್ಟೋ ವರ್ಷ ಅವನ ಗೋರಿಗೆ ಒಂದು ಕಲ್ಲು ನೆಡಲೂ ಮನೆಯವರಿಗೆ ಗತಿಯಿರಲಿಲ್ಲ. ಅವನ ಹೆಣ್ಣುಮಕ್ಕಳ ಪರವಾಗಿ 2004ರಲ್ಲಿ ಡಿಸ್ನಿಯ ಮೇಲೆ ದಾವೆ ಹೂಡಬೇಕಾಯಿತು, 2006ರಲ್ಲಿ ರಾಜಿಯಾಗಿ ಹಣ ಬಂತು. ಕಲೆಯ ಮಾತಾಡುವಾಗ ಕೋರ್ಟಿನ ಮಾತು ಯಾಕೆ ಅಂತ ಕೇಳಬೇಡಿ. ಹಾಡು ಯಾರದು ಎಂಬುದು ಕಲೆಯ ಮೊದಲನೆಯ ಪ್ರಶ್ನೆ.

ಅದೇ 1998ರಲ್ಲಿ ಸೋತ ನಾಟಕ ಯಾವುದು? 'ರಾಗ್‌ಟೈಮ್'. ಕೋಲ್‌ಹೌಸ್ ವಾಕರ್ ಎಂಬ ಕರಿಯ ಪಿಯಾನೊ ವಾದಕ ತನ್ನ ದುಡಿಮೆಯಲ್ಲಿ ಒಂದು ಕಾರು ಕೊಳ್ಳುತ್ತಾನೆ. ಬಿಳಿಯರು ಅದನ್ನು ದಾರಿಯಲ್ಲಿ ಅಡ್ಡಗಟ್ಟಿ ಹಾಳುಮಾಡುತ್ತಾರೆ. ನ್ಯಾಯ ಕೇಳಿ ಅಲೆಯುತ್ತಾನೆ, ಯಾವ ಬಾಗಿಲೂ ತೆರೆಯುವುದಿಲ್ಲ, ಕೊನೆಗೆ ಬಂದೂಕು ಹಿಡಿಯುತ್ತಾನೆ. ನಮ್ಮವನು ಕುದುರೆ ಏರಿ ಮೆರವಣಿಗೆ ಹೊರಟರೆ ಏನಾಗುತ್ತದೆ ಎಂಬುದನ್ನು ಕಂಡವರಿಗೆ ಈ ಕಾರಿನ ಕತೆ ಬಿಡಿಸಿ ಹೇಳಬೇಕಾಗಿಲ್ಲ. ತಮಾಷೆ ಏನೆಂದರೆ, ಆ ವರ್ಷ ಅತ್ಯುತ್ತಮ ಸಂಗೀತದ ಟೋನಿ 'ರಾಗ್‌ಟೈಮ್'ಗೆ, ಅತ್ಯುತ್ತಮ ನಾಟಕ ರಚನೆಯದೂ ಅದಕ್ಕೇ. ಸಂಗೀತ ಅವರದು ಮೇಲು, ಬರಹ ಅವರದು ಮೇಲು. ಸಂಗೀತ ನಾಟಕ ಮಾತ್ರ ಇವರದು ಮೇಲು! ಈ ಗಣಿತ ನಮಗೆ ಅರ್ಥವಾಗುವುದಿಲ್ಲ. ಅಥವಾ ಚೆನ್ನಾಗಿಯೇ ಅರ್ಥವಾಗುತ್ತದೆ.

ಮೂರನೆಯದೇ ಜಗಳದ ಬೆಂಕಿ: 'ಹ್ಯಾಮಿಲ್ಟನ್'. ಲಿನ್-ಮ್ಯಾನುಯೆಲ್ ಮಿರಾಂಡಾ ಬರೆದ ಈ ನಾಟಕ 2015ರಲ್ಲಿ ಬ್ರಾಡ್‌ವೇಗೆ ಬಂತು. 2016ರಲ್ಲಿ 16 ಟೋನಿಗೆ ಹೆಸರು, 11 ಗೆಲುವು, ಮೇಲೆ ಪುಲಿಟ್ಜರ್. 2020ರ ಜುಲೈಯಲ್ಲಿ ಇದರ ಚಿತ್ರೀಕರಣ ಡಿಸ್ನಿಯ ಜಾಲದಲ್ಲಿ ಬಂದ ಮೇಲೆ ನಮ್ಮ ಹಾಸ್ಟೆಲಿಗೂ ತಲುಪಿತು. ಅಮೆರಿಕವನ್ನು ಕಟ್ಟಿದವರು ಎನ್ನಿಸಿಕೊಂಡ ವಾಷಿಂಗ್ಟನ್, ಜೆಫರ್ಸನ್, ಹ್ಯಾಮಿಲ್ಟನ್ ಇವರ ಪಾತ್ರಗಳನ್ನು ಕರಿಯರು, ಲ್ಯಾಟಿನೊ ನಟರು ಮಾಡುತ್ತಾರೆ. ಕರಿಯರ ಬೀದಿಯಲ್ಲಿ ಹುಟ್ಟಿದ ರ‍್ಯಾಪಿನ ಧಾಟಿಯಲ್ಲಿ ಹಾಡುತ್ತಾರೆ.

ನಮ್ಮ ಗೆಳೆಯರಲ್ಲಿ ಅರ್ಧ ಮಂದಿ ಇದರ ಪರ. ಅವರ ವಾದವನ್ನು ನ್ಯಾಯವಾಗಿ ಇಡುತ್ತೇವೆ. ಒಂದು, ಕಾಲುಭಾಗ ಟಿಕೆಟ್ ಹರಿಯುವವರ, ಬಾಗಿಲು ಕಾಯುವವರ ಪಾತ್ರ ಮಾಡುತ್ತಿದ್ದ ಬಣ್ಣದ ಜನ ರಂಗದ ನಟ್ಟನಡುವೆ ನಿಂತು ಇದು ನಮ್ಮ ದೇಶವೂ ಹೌದು ಅಂದರು. ಎರಡು, ನ್ಯೂಯಾರ್ಕಿನ ಬಡ ಶಾಲೆಗಳ 20,000 ಮಕ್ಕಳಿಗೆ ಹತ್ತು ಡಾಲರಿನಲ್ಲಿ ಈ ನಾಟಕ ತೋರಿಸುವ ಯೋಜನೆ ಮಾಡಿದರು. ಮೂರು, ನಾಟಕ ಕಟ್ಟುವಾಗಿನಿಂದ ಜೊತೆಯಲ್ಲಿದ್ದ ನಟರು ಲಾಭದಲ್ಲಿ ಪಾಲು ಕೇಳಿ 2016ರಲ್ಲಿ ಪಡೆದುಕೊಂಡರು. ಮೂರೂ ನಿಜ. ಮೂರನೆಯದಕ್ಕೆ ನಾವೂ ಕೈ ಎತ್ತಿ ಜೈ ಅನ್ನುತ್ತೇವೆ.

ಆದರೆ ವೇಷದ ಒಳಗೆ ಯಾರಿದ್ದಾರೆ ನೋಡಿ. 1799ರಲ್ಲಿ ವಾಷಿಂಗ್ಟನ್ ಸತ್ತಾಗ ಮೌಂಟ್ ವರ್ನನ್ ಎಂಬ ಅವನ ಜಮೀನಿನಲ್ಲಿ 317 ಗುಲಾಮರಿದ್ದರು. ಜೆಫರ್ಸನ್ ತನ್ನ ಬದುಕಿನುದ್ದಕ್ಕೂ ಆರುನೂರಕ್ಕೂ ಹೆಚ್ಚು ಮನುಷ್ಯರನ್ನು ಆಸ್ತಿಯಾಗಿ ಇಟ್ಟುಕೊಂಡಿದ್ದ. ಹ್ಯಾಮಿಲ್ಟನ್‌ನ ಹೆಂಡತಿಯ ತವರಾದ ಸ್ಕೈಲರ್ ಮನೆತನ ಗುಲಾಮರ ದುಡಿಮೆಯಿಂದ ನಡೆಯುತ್ತಿದ್ದ ಮನೆತನ. ಹ್ಯಾಮಿಲ್ಟನ್ ತಾನೂ ಗುಲಾಮರನ್ನು ಕೊಂಡಿದ್ದ ಎಂದು ಆ ಸ್ಕೈಲರ್ ಮನೆಯ ಸ್ಮಾರಕದಲ್ಲೇ ಕೆಲಸ ಮಾಡುತ್ತಿದ್ದ ಜೆಸ್ಸಿ ಸೆರ್ಫಿಲಿಪ್ಪಿ ಹಳೆಯ ಲೆಕ್ಕದ ಪುಸ್ತಕಗಳನ್ನು ತೆಗೆದು 2020ರಲ್ಲಿ ಬರೆದರು. ಇಷ್ಟು ಗುಲಾಮರ ನಡುವೆ ನಡೆದ ಕತೆಯಲ್ಲಿ ಹೆಸರಿಟ್ಟು ಮಾತಾಡುವ ಒಬ್ಬನೇ ಒಬ್ಬ ಗುಲಾಮನ ಪಾತ್ರ ಇಲ್ಲ. ಇದನ್ನು ಲೈರಾ ಮೊಂಟೈರೊ ಎಂಬ ಚರಿತ್ರೆಕಾರ್ತಿ 2016ರಲ್ಲೇ ಎತ್ತಿ ತೋರಿಸಿದರು. ಜೆಫರ್ಸನ್‌ನ ಗುಲಾಮಳಾಗಿ ಅವನ ಮಕ್ಕಳನ್ನೇ ಹೆತ್ತ ಸ್ಯಾಲಿ ಹೆಮಿಂಗ್ಸ್ ಬಂದು ಹೋಗುವುದು ಒಂದು ಸಾಲಿನಲ್ಲಿ, ಅದೂ ತುಟಿ ಬಿಚ್ಚದೆ. ಕರಿಯ ಲೇಖಕ ಇಷ್ಮಾಯೆಲ್ ರೀಡ್ ಇದಕ್ಕೆ ಉತ್ತರವಾಗಿ 2019ರಲ್ಲಿ ಒಂದು ನಾಟಕವನ್ನೇ ಆಡಿಸಿದ. ಅದರಲ್ಲಿ, ಬಿಟ್ಟುಹೋದ ಗುಲಾಮರು, ಮೂಲನಿವಾಸಿಗಳು ದೆವ್ವಗಳಾಗಿ ಬಂದು ಮಿರಾಂಡಾನನ್ನು ಪ್ರಶ್ನೆ ಕೇಳುತ್ತಾರೆ. ಅದು ಆಡಿದ್ದು ಒಂದು ಸಣ್ಣ ಕಾವ್ಯದ ಅಡ್ಡೆಯಲ್ಲಿ. 41 ಮಂದಿರಗಳ ಆಚೆ. ಟೋನಿಯ ಲೆಕ್ಕಕ್ಕೇ ಬರುವುದಿಲ್ಲ.

ನಮ್ಮ ನೆಲಕ್ಕೆ ಹೊಂದಿಸಿ ನೋಡಿದರೆ ಇದರ ತೂಕ ತಿಳಿಯುತ್ತದೆ. ಪೇಶ್ವೆಗಳ ರಾಜ್ಯದಲ್ಲಿ ಅಸ್ಪೃಶ್ಯರು ಕೊರಳಿಗೆ ಮಡಕೆ, ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ನಡೆಯಬೇಕಿತ್ತು ಎಂದು ಅಂಬೇಡ್ಕರ್ ಬರೆದಿದ್ದಾರೆ. ಈಗ ಯಾರೋ ಒಬ್ಬರು ಪೇಶ್ವೆಯ ಮೇಲೆ ಭರ್ಜರಿ ನಾಟಕ ಬರೆದು, ನಮ್ಮ ಹುಡುಗನಿಗೇ ಪೇಶ್ವೆಯ ಪಗಡಿ ಸುತ್ತಿ, ನಮ್ಮ ತಮಟೆಯ ಗತ್ತಿನಲ್ಲೇ ಹಾಡಿಸಿದರು ಅನ್ನಿ. ಮಡಕೆ ಪೊರಕೆಯವನು ಮಾತ್ರ ರಂಗದಲ್ಲಿ ಎಲ್ಲೂ ಇಲ್ಲ. ಪಗಡಿ ನಮ್ಮ ತಲೆಗೆ ಬಂತಲ್ಲ ಅಂತ ಕುಣಿಯೋಣವೆ? ನಮ್ಮ ಹುಡುಗನ ನಟನೆಗೆ ಶಿಳ್ಳೆ ಹಾಕುತ್ತೇವೆ, ನಿಜ. ಆದರೆ ನಮ್ಮ ಮೈಯನ್ನು ಕೊಟ್ಟು ಪೇಶ್ವೆಯ ಪಾಪ ತೊಳೆಸಿದ ನಾಟಕಕಾರನಿಗೆ ಹಾರ ಹಾಕುವುದಿಲ್ಲ.

2016ರ ಜೂನಿನಲ್ಲಿ 'ಹ್ಯಾಮಿಲ್ಟನ್'ನ ಅತಿ ಒಳ್ಳೆಯ ಆಸನಕ್ಕೆ 849 ಡಾಲರ್ ನಿಗದಿ ಮಾಡಿದರು. ಆ ಆಸನದಲ್ಲಿ ಕೂತವನಿಗೆ ಈ ನಾಟಕ ಏನು ಕೊಡುತ್ತದೆ? ದೇಶ ಕಟ್ಟಿದ ಅಪ್ಪಂದಿರು ಒಳ್ಳೆಯವರೇ ಎಂಬ ನೆಮ್ಮದಿ. ಅದನ್ನು ಕರಿಯರೇ ಹಾಡಿ ಹೇಳಿದರು ಎಂಬ ಇನ್ನೊಂದು ನೆಮ್ಮದಿ. ಮೂರರಲ್ಲಿ ಅತಿ ಹೆಚ್ಚು ಬೆಲೆಗೆ ಹೋದದ್ದು ಇದೇ ಎಂಬುದು ನಮ್ಮ ತೀರ್ಮಾನ. 'ಮೈ ಫೇರ್ ಲೇಡಿ' ಹಳೆಯ ಸುಳ್ಳನ್ನು ಹಳೆಯ ರಾಗದಲ್ಲಿ ಹೇಳಿತು. 'ಹ್ಯಾಮಿಲ್ಟನ್' ಹಳೆಯ ಸುಳ್ಳನ್ನು ನಮ್ಮವರ ರಾಗದಲ್ಲಿ ಹೇಳಿತು.

ಹಾಗಾದರೆ ಹಾರಕ್ಕೆ ತಕ್ಕ ನಾಟಕವೇ ಇಲ್ಲವೆ? ಇದೆ. 'ಫಿಡ್ಲರ್ ಆನ್ ದ ರೂಫ್' 1964ರಲ್ಲಿ ಬಂದು 1965ರಲ್ಲಿ ಒಂಬತ್ತು ಟೋನಿ ಗೆದ್ದಿತು. ಷೋಲೆಮ್ ಅಲೈಕೆಮ್ ಎಂಬ ಯಿದ್ದಿಷ್ ಲೇಖಕನ ಕತೆಗಳಿಂದ ಹುಟ್ಟಿದ್ದು. 1905ರ ಸುಮಾರಿನ ರಷ್ಯಾದ ಒಂದು ಯಹೂದಿ ಹಳ್ಳಿ. ಹಾಲು ಮಾರುವ ಬಡವ ತೇವ್ಯೆ. ಅವನ ಮೂರು ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕಟ್ಟಳೆ ಮುರಿಯುತ್ತಾರೆ. ಒಬ್ಬಳು ಬಡ ದರ್ಜಿಯನ್ನು, ಒಬ್ಬಳು ಕ್ರಾಂತಿಕಾರನನ್ನು, ಮೂರನೆಯವಳು ಧರ್ಮದ ಆಚೆಯವನನ್ನು ಆರಿಸಿಕೊಳ್ಳುತ್ತಾಳೆ. ಮೂರನೆಯವಳ ಮುಂದೆ ಅಪ್ಪನ ಪ್ರೀತಿ ಸೋತು ಕಟ್ಟಳೆ ಗೆಲ್ಲುತ್ತದೆ. ಕೊನೆಗೆ ಸರಕಾರ ಇಡೀ ಹಳ್ಳಿಯನ್ನೇ ಒಕ್ಕಲೆಬ್ಬಿಸುತ್ತದೆ. ಇದು ಮೂಲಕ್ಕಿಂತ ಸಿಹಿಯಾಯಿತು ಎಂದು ಇರ್ವಿಂಗ್ ಹೋನಂಥ ಯಹೂದಿ ವಿಮರ್ಶಕರು ಆಗಲೇ ಜಗಳ ತೆಗೆದಿದ್ದರು. ಆ ಜಗಳದಲ್ಲಿ ಹುರುಳಿದೆ. ಆದರೂ ಇಲ್ಲಿ ಕೆಳಗಿನವರ ಕೈಯಲ್ಲಿ ಹಾಡಿನ ಜೊತೆ ಕತೆಯೂ ಇದೆ. ಹೆಣ್ಣುಮಕ್ಕಳು ತೀರ್ಮಾನ ಮಾಡುತ್ತಾರೆ, ಕತೆ ಅವರ ಹಿಂದೆ ಹೋಗುತ್ತದೆ. ಮೇಲಿನವನು ಬಂದು ಯಾರನ್ನೂ ಉದ್ಧಾರ ಮಾಡುವುದಿಲ್ಲ.

ಇದಕ್ಕೆ ಪುರಾವೆ ನಮ್ಮ ನಾಡಿನಲ್ಲೇ ಇದೆ. ಜಯಂತ ಕಾಯ್ಕಿಣಿಯವರು ಈ ನಾಟಕವನ್ನು 'ಜತೆಗಿರುವನು ಚಂದಿರ' ಎಂದು ಕನ್ನಡಕ್ಕೆ ತಂದರು. ಯಹೂದಿ ಮನೆ ಇಲ್ಲಿ ಮುಸ್ಲಿಂ ಮನೆಯಾಯಿತು. 2022ರ ಜುಲೈಯಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಆನವಟ್ಟಿಯಲ್ಲಿ ಇದರ ಪ್ರದರ್ಶನ ನಡೆಯುತ್ತಿರುವಾಗ ಹಿಂದುತ್ವ ಸಂಘಟನೆಯವರು ಬಂದು ನಡುವೆಯೇ ನಿಲ್ಲಿಸಿದರು. ನ್ಯೂಯಾರ್ಕಿನಲ್ಲಿ ಐವತ್ತೇಳು ವರ್ಷದ ಹಿಂದೆ ಹಾರ ಹಾಕಿಸಿಕೊಂಡ ನಾಟಕ ಆನವಟ್ಟಿಯಲ್ಲಿ ಇನ್ನೂ ಕೆಲವರ ನಿದ್ದೆ ಕೆಡಿಸಿತು! ಮತದಾರರು ಕೊಟ್ಟ ಒಂಬತ್ತು ಟೋನಿಗಿಂತ ಆ ಒಂದು ರಾತ್ರಿಯ ಗಲಾಟೆ ಈ ನಾಟಕಕ್ಕೆ ಸಿಕ್ಕ ದೊಡ್ಡ ಸರ್ಟಿಫಿಕೇಟು. ನೋವಿನ ಸರ್ಟಿಫಿಕೇಟು, ಆದರೆ ಸುಳ್ಳಿನದಲ್ಲ.

ಬ್ರಾಡ್‌ವೇಗೆ ಕಾಲಿಡದ ನೀವು ಬ್ರಾಡ್‌ವೇ ಬಗ್ಗೆ ಹೇಗೆ ಬರೀತೀರಿ ಅಂತ ಕೇಳುವವರು ಕೇಳುತ್ತಾರೆ. ಪಠ್ಯ ಇದೆ, ಹಾಡಿನ ಮುದ್ರಣ ಇದೆ, ಚಿತ್ರೀಕರಣ ಇದೆ. ಅಷ್ಟರ ಮೇಲೆ ನಮ್ಮ ಮಾತು ನಿಂತಿದೆ. ಇನ್ನು ಒಳಗೆ ಹೋಗಲಾರದವನಿಗೆ ವಿಮರ್ಶೆಯ ಹಕ್ಕಿಲ್ಲ ಎಂಬ ವಾದವನ್ನು ನಾವು ಬೇರೆ ಬೇರೆ ಬಾಗಿಲುಗಳ ಮುಂದೆ ಮೊದಲೇ ಕೇಳಿದ್ದೇವೆ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ, ಮೇಡಮ್ಮುಗಳಿಗೆ ನಮ್ಮದೊಂದು ಮಾತು. ವಾರ್ಷಿಕೋತ್ಸವಕ್ಕೆ ನಾಟಕ ಆಡಿಸುವಾಗ ಪ್ರಶಸ್ತಿ ಪಟ್ಟಿ ಹಿಡಿದು ಆರಿಸಬೇಡಿ. ಕೆಳಗಿನವನು ಹಾಡುವುದಷ್ಟೇ ಅಲ್ಲ, ತೀರ್ಮಾನ ಮಾಡುವುದೂ ಇರುವ ನಾಟಕ ಆರಿಸಿ. ಸಿಗದಿದ್ದರೆ ಮಕ್ಕಳಿಂದಲೇ ಬರೆಸಿ. ಹೂ ಮಾರುವ ಹುಡುಗಿಯ ಪಾತ್ರ ಬಂದರೆ ಅವಳು ರಂಗದ ಮೇಲೆ 'ಊವು' ಅಂತಲೇ ಕೂಗಲಿ. ತಿದ್ದಲು ಹೋಗಬೇಡಿ. ಮುಂದಿನ ಸಾಲಿನಲ್ಲಿ ಕೂತವರು ಕಿವಿ ಅಗಲಿಸಿ ಕೇಳಿಸಿಕೊಳ್ಳಲಿ.